ಮಾರಿಯೋ ಪಾರ್ಟಿ: ಡಿಎಸ್, ಸ್ಟಾರ್ ರಶ್, ಟಾಪ್ 100 – ಯಾವುದು ತಗೊಳ್ಳೋದು?

ಸೆಕೆಂಡ್ ಹ್ಯಾಂಡ್ 3ಡಿಎಸ್ (ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಸಿಕ್ಕಿದೆ, ಯಾವ ಮಾರಿಯೋ ಪಾರ್ಟಿ (ದಾಳ ಹಾಕಿ ಬೋರ್ಡ್ ಮೇಲೆ ಸಾಗುತ್ತಾ ಕಿರು ಆಟಗಳನ್ನಾಡುವ ವಿಡಿಯೋ ಗೇಮ್) ಕೊಳ್ಳಲಿ ಅಂತ ಕೇಳಿದ್ದೀರಿ. ವಿಮರ್ಶಕರು ಮೂರರಲ್ಲಿ ಯಾವುದನ್ನೂ ತಲೆ ಮೇಲೆ ಹೊತ್ತು ಮೆರೆಸಲಿಲ್ಲ.

ಖರ್ಚಿನ ಮಟ್ಟಿಗೆ 2007ರ ಡಿಎಸ್ (3ಡಿಎಸ್‌ಗೂ ಹಿಂದಿನ ಯಂತ್ರ) ಆಟವೇ ಸಲೀಸು. ಒಂದೇ ಗೇಮ್ ಕಾರ್ಡ್ ಇದ್ದರೆ ನಾಲ್ವರು ಆಡಬಹುದು. ಆದರೆ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಡಿಎಸ್ ಅಥವಾ 3ಡಿಎಸ್ ಬೇಕು. ವಿಮರ್ಶಕರಿಗೆ ಈ ಸೌಲಭ್ಯ ತುಂಬಾ ಹಿಡಿಸಿತು, ಆನ್‌ಲೈನ್ ಇಲ್ಲ ಅನ್ನೋ ಗೊಣಗಾಟವೂ ಇತ್ತು. ಮೈಕಿಗೆ ಉಫ್ ಅಂತ ಊದುವ ಆಟಗಳೂ ಇವೆ. ಬಸ್ಸಲ್ಲಿ ಆಡಿದರೆ ಪಕ್ಕದವರು ವಿಚಿತ್ರವಾಗಿ ನೋಡ್ತಾರೆ, ಅಷ್ಟೇ.

ಸರದಿಗೆ ಕಾಯುವ ತಾಳ್ಮೆ ಇಲ್ವಾ? 2016ರ ಸ್ಟಾರ್ ರಶ್ ನೋಡಿ. ಇದರ ಟೋಡ್ ಸ್ಕ್ರ್ಯಾಂಬಲ್ ಅನ್ನೋ ಆಟದ ಬಗೆಯಲ್ಲಿ ಎಲ್ಲರೂ ಒಟ್ಟಿಗೇ ದಾಳ ಹಾಕ್ತಾರೆ. ದಾರಿಯಲ್ಲಿ ಸಿಕ್ಕ ಪಾತ್ರವನ್ನು ಜೊತೆಗೆ ಸೇರಿಸಿಕೊಂಡರೆ ಅದರ ದಾಳವೂ ನಿಮ್ಮದೇ. ಈ ಹೊಸತನವನ್ನು ಮೆಚ್ಚಿದವರು ಬಹಳ. ನನಗೂ ಮೂರರಲ್ಲಿ ಚುರುಕಾಗಿ ಕಂಡದ್ದು ಇದೇ.

2017ರ ಟಾಪ್ 100ರಲ್ಲಿ ಹಳೆಯ ಟಿವಿ ಕನ್ಸೋಲ್ ಆಟಗಳಿಂದ ಆರಿಸಿದ ನೂರು ಕಿರು ಆಟಗಳಿವೆ. ಹಳೇ ಅಭಿಮಾನಿಗಳಿಗೆ ಹಬ್ಬ. ಬೋರ್ಡ್ ಮಾತ್ರ ಒಂದೇ. ಬೈಗುಳ ಜಾಸ್ತಿ ಬಿದ್ದದ್ದು ಅಲ್ಲೇ. ಐದು ನಿಮಿಷ ಸುಮ್ನೆ ಆಡುವವರಿಗೆ ಇದು ಸಾಕು, ಇಡೀ ಸಂಜೆ ಕೂರುವವರಿಗೆ ಡಿಎಸ್‌ನ ಐದು ಬೋರ್ಡುಗಳೇ ವಾಸಿ.

3ಡಿಎಸ್ ಕಾರ್ಡುಗಳಿಗೆ ಪ್ರದೇಶದ ಬೀಗ ಇದೆ. ಅಮೆರಿಕದ ಕಾರ್ಡ್ ಯುರೋಪಿನ ಯಂತ್ರದಲ್ಲಿ ಓಡಲ್ಲ. ನಿಮ್ಮ ಯಂತ್ರ ಎಲ್ಲಿಯದು ಅಂತ ಮೊದಲೇ ನೋಡಿಕೊಳ್ಳಿ.