ಹ್ಯಾಮಕ್‌ನಲ್ಲಿ ರಾತ್ರಿ ಏನ್ ಹಾಕ್ಕೊಂಡು ಮಲಗ್ಬೇಕು: ಗೋಕರ್ಣದ ಸೆಕೆ, ಸಕಲೇಶಪುರದ ಚಳಿ, ಹಿಮಾಚಲದ ಜೀಭಿಯ ಕೊರೆಯೋ ಚಳಿ ಮೂರರಲ್ಲೂ ಟ್ರೈ ಮಾಡಿದ ಬಟ್ಟೆಗಳ ರಿವ್ಯೂ

ಹ್ಯಾಮಕ್, ಅಂದ್ರೆ ಎರಡು ಮರದ ನಡುವೆ ಕಟ್ಟೋ ತೂಗುಹಾಸಿಗೆ, ಯಾವ್ದು ತಗೋಬೇಕು ಅಂತ ಎಲ್ರೂ ಕೇಳ್ತಾರೆ, ಅದ್ರೊಳಗೆ ಏನ್ ಹಾಕ್ಕೊಂಡು ಮಲಗ್ಬೇಕು ಅಂತ ಮಾತ್ರ ಯಾರೂ ಕೇಳಲ್ಲ. ಮೂರು ವರ್ಷದಿಂದ ಟೆಂಟ್ ಬಿಟ್ಟು ಹ್ಯಾಮಕ್‌ನಲ್ಲೇ ಮಲಗ್ತಿದೀನಿ, ನನ್ನ ಅನುಭವದಲ್ಲಿ ನಿದ್ದೆ ಕೆಡ್ಸೋದು ಹ್ಯಾಮಕ್ ಅಲ್ಲ, ಬಟ್ಟೆ.

ಮೊದಲನೇ ಸಲ ಸಕಲೇಶಪುರದ ಹತ್ರ ಫ್ರೆಂಡ್ ಮನೆಯವರ ಕಾಫಿ ತೋಟದಲ್ಲಿ ಎರಡು ಸಿಲ್ವರ್ ಓಕ್ ಮರಕ್ಕೆ ಕಟ್ಟಿದ್ದೆ, ಡಿಸೆಂಬರ್ ತಿಂಗಳು, ಹಗಲೆಲ್ಲಾ ಗುಡ್ಡ ಹತ್ತಿ ಬೆವತಿದ್ದ ಅದೇ ಜೀನ್ಸು ಅದೇ ಕಾಟನ್ ಹೂಡಿ ಹಾಕ್ಕೊಂಡು ಸ್ಲೀಪಿಂಗ್ ಬ್ಯಾಗ್‌ಗೆ ತೂರ್ಕೊಂಡೆ, ಬ್ಯಾಗ್ ಮೇಲೆ 10 ಡಿಗ್ರಿವರೆಗೂ ಆಗತ್ತೆ ಅಂತ ಬರ್ದಿತ್ತು. ಬೆಳಗಿನ ಜಾವ ನಾಲ್ಕು ಗಂಟೆಗೆ ಹಗ್ಗಕ್ಕೆ ನೇತು ಹಾಕಿದ್ದ ಪುಟ್ಟ ಥರ್ಮಾಮೀಟರ್ 13 ತೋರಿಸ್ತಿತ್ತು, ಹೊಟ್ಟೆ ಎದೆ ಎಲ್ಲಾ ಬೆಚ್ಚಗಿದೆ, ಬೆನ್ನು ಸೊಂಟ ಮಾತ್ರ ಐಸ್. ಎದ್ದು ಹೋಗಿ ಕಾಫಿ ಒಣಗಿಸೋ ಕಣದ ಹತ್ರ ನಡುಗ್ತಾ ಕೂತಿದ್ದೆ. ತೋಟದ ಲೆಕ್ಕ ನೋಡೋ ರೈಟರ್ ನೋಡಿ ಒಳಗಿಂದ ಒಂದು ಕರೀ ಕಂಬಳಿ ತಂದ್ಕೊಟ್ರು, "ಹೊದ್ಕೋಬೇಡಿ ಸಾರ್, ಕೆಳಗೆ ಹಾಸ್ಕೊಳಿ" ಅಂದ್ರು. ಆಮೇಲೆ ಎಂಟು ಗಂಟೆವರೆಗೂ ಎಚ್ಚರಾನೇ ಆಗ್ಲಿಲ್ಲ.

ಅವರು ಹೇಳಿದ್ದರಲ್ಲೇ ಎಲ್ಲಾ ಇದೆ. ಬೆಚ್ಚಗಿಡೋದು ಬಟ್ಟೆ ಅಲ್ಲ, ಬಟ್ಟೆ ಒಳಗೆ ನಿಂತಿರೋ ಗಾಳಿ. ನಾವು ಮಲಗಿದ ತಕ್ಷಣ ಮೈಭಾರಕ್ಕೆ ಬೆನ್ನಡಿಯ ಸ್ಲೀಪಿಂಗ್ ಬ್ಯಾಗ್ ಹಪ್ಪಳ ಆಗತ್ತೆ, ಗಾಳಿ ಎಲ್ಲಾ ಹೊರಗೆ. ಟೆಂಟ್‌ನಲ್ಲಿ ಕೆಳಗೆ ಮ್ಯಾಟ್ ಇರತ್ತೆ, ಬ್ಯಾಗ್ ಮೇಲಿನ ಡಿಗ್ರಿ ಲೆಕ್ಕಾನೂ ಮ್ಯಾಟ್ ಇದೆ ಅಂತಾನೇ ಇಟ್ಕೊಂಡು ಹಾಕೋದು. ಹ್ಯಾಮಕ್‌ನಲ್ಲಿ ಕೆಳಗೆ ಬರೀ ಬಯಲು, ಗಾಳಿ ಬೀಸಿದಷ್ಟೂ ಬೆನ್ನಿನ ಬಿಸಿ ಎತ್ಕೊಂಡು ಹೋಗತ್ತೆ. ಹಾಗಾಗಿ ಹೊರಗಡೆ 20 ಡಿಗ್ರಿ ಇದ್ರೂ ಬೆನ್ನಿಗೆ ಚಳಿ ಆಗ್ಬಹುದು. ಅಂಡರ್‌ಕ್ವಿಲ್ಟ್ ಅಂತ ಹ್ಯಾಮಕ್ ಕೆಳಗೆ ಹೊರಗಡೆಯಿಂದ ಕಟ್ಟೋ ರಜಾಯಿ ಬರತ್ತೆ, ಅಥವಾ ಫೋಮ್ ಮ್ಯಾಟ್ ಹಾಕ್ಕೋಬಹುದು, ಅದಕ್ಕೆ ಬದಲಿ ಅಂತ ಬಟ್ಟೆ ಮೇಲೆ ಬಟ್ಟೆ ಹಾಕ್ಕೊಂಡ್ರೆ ಕೆಲಸ ಆಗಲ್ಲ. ಆದ್ರೆ ಕೆಳಗೆ ಎಷ್ಟೇ ಹಾಕಿದ್ರೂ ಮೈಮೇಲೆ ಒದ್ದೆ ಕಾಟನ್ ಇದ್ರೆ ಅದೂ ವೇಸ್ಟ್.

ಗೋಕರ್ಣದಿಂದ ಶುರು ಮಾಡ್ತೀನಿ. ಏಪ್ರಿಲ್, ರಾತ್ರಿ 26 ಡಿಗ್ರಿ, ಅಂಟಂಟು ಬೆವರು. ಇಲ್ಲಿ ದುಬಾರಿ ಬಟ್ಟೆ ಏನೂ ಬೇಡ, ತೆಳ್ಳಗಿನ ಕಾಟನ್ ಬನಿಯನ್ನು ಒಂದು ಪಂಚೆ ಸಾಕು, ಪಂಚೆ ಅಂತೂ ಉಟ್ಕೊಳೋಕೂ ಆಯ್ತು ಹೊದ್ಕೊಳೋಕೂ ಆಯ್ತು. ಕಾಟನ್ ಬೇಡ ಬೇಡ ಅಂತಾರಲ್ಲ, ಅದು ಚಳಿಗೆ ಹೇಳೋ ಮಾತು, ಸೆಕೆಗೆ ಅಲ್ಲ. ಒಂದೇ ಸಮಸ್ಯೆ ಸೊಳ್ಳೆ, ನೆಟ್ ಮೇಲಿಂದ ಕಟ್ಟಿದ್ರೂ ತೆಳು ಹ್ಯಾಮಕ್ ಆದ್ರೆ ಬೆನ್ನ ಕೆಳಗಿಂದ ಬಟ್ಟೆ ಸಮೇತ ಚುಚ್ಚತ್ತೆ. ಮೈಗೆ ಅಂಟೋ ಲೆಗ್ಗಿಂಗ್ಸ್ ಹಾಕ್ಕೊಂಡ್ರೆ ಇನ್ನೂ ಸುಲಭ ಅದಕ್ಕೆ. ಸಡಿಲ ಇರೋ ದಟ್ಟ ನೇಯ್ಗೆಯ ಪೈಜಾಮ ಒಂದು ಬ್ಯಾಗಲ್ಲಿ ಇಟ್ಕೊಳಿ. ಕರಾವಳೀಲಿ ರಾತ್ರಿ ಆದ್ಮೇಲೆ ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ ಬೀಸತ್ತೆ, ಮೂರು ಗಂಟೆ ಮೇಲೆ ಬೆನ್ನಿಗೆ ತಣ್ಣಗೆ ತಾಗತ್ತೆ, ಪಂಚೆ ಎರಡು ಮಡಿಕೆ ಮಾಡಿ ಕೆಳಗೆ ಹಾಕ್ಕೊಂಡ್ರೆ ಆಯ್ತು. ಮತ್ತೆ ದಯವಿಟ್ಟು ಕಾಯಿ ಇರೋ ತೆಂಗಿನ ಮರದ ಕೆಳಗೆ ಕಟ್ಬೇಡಿ.

ಮಲೆನಾಡಿನ ಚಳಿಗೆ, ಅಂದ್ರೆ 12ರಿಂದ 18 ಡಿಗ್ರಿಗೆ, ನಾನು ಅತಿ ಹೆಚ್ಚು ದುಡ್ಡು ಹಾಕಿರೋದು ಮತ್ತು ಅತಿ ಹೆಚ್ಚು ಖುಷಿ ಇರೋದು ಮೆರಿನೋ ಉಣ್ಣೆಯ (ಮೆರಿನೋ ತಳಿ ಕುರಿಯ ನಯವಾದ ಉಣ್ಣೆ) ಫುಲ್ ತೋಳಿನ ಟಾಪ್ ಮೇಲೆ. ಮೂರು ಸಾವಿರದ ಹತ್ರ ಆಯ್ತು. ಉಣ್ಣೆ ಅದರ ತೂಕದ ಶೇಕಡಾ 30ರಷ್ಟು ತೇವ ಒಳಗೆ ಎಳ್ಕೊಂಡ್ರೂ ಮೈಗೆ ಒದ್ದೆ ಅನ್ಸಲ್ಲ, ಮಂಜು ಬಿದ್ದು ಎಲ್ಲಾ ತೇವ ತೇವ ಇರೋ ತೋಟದಲ್ಲಿ ಇದರ ಬೆಲೆ ಗೊತ್ತಾಗತ್ತೆ. ನಾಲ್ಕು ರಾತ್ರಿ ಒಂದೇ ಟಾಪ್ ಹಾಕಿದ್ರೂ ವಾಸನೆ ಬರಲ್ಲ. ಮೇಲಿನದ್ದು ಉಣ್ಣೆ ಇದ್ರೆ ಕಾಲಿಗೆ ಸಾಧಾರಣ ಪಾಲಿಯೆಸ್ಟರ್ ಥರ್ಮಲ್ ಸಾಕು, ಅದಕ್ಕೂ ಮೆರಿನೋ ತಗೊಂಡು ದುಡ್ಡು ಸುರೀಬೇಡಿ.

ಮೆರಿನೋ ತಗೋವಾಗ ಮೋಸ ಹೋಗಿದೀನಿ, ಅದನ್ನ ಹೇಳ್ಲೇಬೇಕು. ಆನ್‌ಲೈನ್‌ನಲ್ಲಿ ಅರ್ಧ ರೇಟಿಗೆ 100 ಪರ್ಸೆಂಟ್ ಮೆರಿನೋ ಅಂತ ಒಂದು ತರಿಸ್ದೆ, ಒಂದೇ ರಾತ್ರಿಗೆ ಕಂಕುಳು ನಾತ, ಬೆನ್ನು ಪಿಚಪಿಚ. ಒಳಗಡೆ ಹೊಲಿಗೆಯಿಂದ ಒಂದು ಎಳೆ ಕಿತ್ತು ಬೆಂಕಿ ತೋರಿಸ್ದೆ, ಕರಗಿ ಗಟ್ಟಿ ಮಣಿ ಆಯ್ತು. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬರತ್ತೆ, ಬೂದಿ ಬೆರಳಲ್ಲಿ ಉಜ್ಜಿದ್ರೆ ಪುಡಿ ಆಗತ್ತೆ. ಹೊಲಿಗೆ ದಾರ ಬೇರೆ ಇರತ್ತೆ, ಹಾಗಾಗಿ ಬಟ್ಟೆಯದೇ ಎಳೆ ತಗೊಂಡು ಇನ್ನೊಂದ್ಸಲಾನೂ ನೋಡ್ದೆ, ಅದೇ ಕಥೆ. ವಾಪಸ್ ತಗೊಳ್ಲಿಲ್ಲ ಅವರು.

ಮಲೆನಾಡಲ್ಲಿ ಚಳಿಗಿಂತ ಮುಖ್ಯವಾದ್ದು ಇನ್ನೊಂದಿದೆ, ಉಣುಗು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆ ಆಗಿದ್ದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, ಹರಡೋದು ಉಣುಗಿನಿಂದ, ನಾವೆಲ್ಲಾ ಕ್ಯಾಂಪಿಂಗ್‌ಗೆ ಹೋಗೋ ಚಳಿ ಬೇಸಿಗೆ ಕಾಲದಲ್ಲೇ ಅದರ ಕಾಟ ಜಾಸ್ತಿ. ಹಗಲು ತರಗೆಲೆ ಮೇಲೆ ಓಡಾಡಿದ ಬಟ್ಟೇಲೇ ಹ್ಯಾಮಕ್ ಹತ್ತಿದ್ರೆ ಅದನ್ನೂ ಜೊತೆಗೇ ಮಲಗಿಸ್ಕೊಂಡ ಹಾಗೆ. ಮಲಗೋ ಬಟ್ಟೆ ಬೇರೇನೇ ಇರ್ಬೇಕು, ತಿಳಿ ಬಣ್ಣದ್ದಾದ್ರೆ ಹರಿದಾಡೋದು ಕಾಣತ್ತೆ, ಪ್ಯಾಂಟ್ ತುದಿ ಸಾಕ್ಸ್ ಒಳಗೆ ಸೇರ್ಸಿ, ಬದಲಾಯಿಸೋವಾಗ ಮೊಣಕಾಲ ಹಿಂದೆ ತೊಡೆ ಸಂದಿ ಎಲ್ಲಾ ಒಂದ್ಸಲ ನೋಡ್ಕೊಳಿ. ಈ ಮಾತು ನೂರು ಸಲ ಹೇಳಿದ್ರೂ ನಂಗೆ ಬೇಜಾರಿಲ್ಲ.

ಜೀಭಿಗೆ ಹೋಗಿದ್ದು ಮಾರ್ಚ್ ಕೊನೇಲಿ, ಹಿಮಾಚಲದ ಬಂಜಾರ್ ಕಣಿವೆ, ಹೋಂಸ್ಟೇ ಹಿಂದಿನ ದೇವದಾರು ಮರಕ್ಕೆ ಕಟ್ಟಿದ್ದು, ಬೆಳಗಿನ ಜಾವ 4 ಡಿಗ್ರಿ. ಇಲ್ಲಿ ಅಂಡರ್‌ಕ್ವಿಲ್ಟ್ ಬಾಡಿಗೆಗೆ ತಗೊಂಡೇ ಹೋಗಿದ್ದೆ, ಅದಿಲ್ದೆ ಹೋಗ್ಲೇಬೇಡಿ. ಮೆರಿನೋ ಟಾಪ್, ಅದರ ಮೇಲೆ ಡೆಕಾಥ್ಲಾನ್‌ನ ಕ್ವೆಚುವಾ ಫ್ಲೀಸ್ (ಮೆತ್ತಗಿನ ಪಾಲಿಯೆಸ್ಟರ್ ಜಾಕೆಟ್), ಕಾಲಿಗೆ ಥರ್ಮಲ್ ಮೇಲೆ ಒಂದು ಸಡಿಲ ಟ್ರ್ಯಾಕ್ ಪ್ಯಾಂಟ್. ಆ ಫ್ಲೀಸ್ ನಂಗೆ ತುಂಬಾ ಇಷ್ಟ ಆಯ್ತು, ಮೈಕೆಳಗೆ ಸಿಕ್ಕಿದ್ರೂ ಪುಕ್ಕ ತುಂಬಿದ ಜಾಕೆಟ್ ಥರ ಪೂರ್ತಿ ಚಪ್ಪಟೆ ಆಗಲ್ಲ. ಪುಕ್ಕದ ಜಾಕೆಟ್ ಹಾಕ್ಕೊಂಡು ಮಲಗೋದಕ್ಕಿಂತ ತೆಗೆದು ಎದೆ ಮೇಲೆ ಹೊದ್ಕೊಂಡ್ರೆ ಹೆಚ್ಚು ಬೆಚ್ಚಗಿರತ್ತೆ, ಬೆನ್ನ ಕೆಳಗಿನ ಅರ್ಧ ಹೆಂಗಿದ್ರೂ ಅಪ್ಪಚ್ಚಿ. ತಲೆಗೆ ಹೂಡಿ ಬೇಡ, ಕತ್ತಿನ ಕೆಳಗೆ ಗಂಟು ಥರ ಸಿಕ್ಕಿ ಒತ್ತತ್ತೆ, ನಮ್ಮ ಮಂಕಿ ಕ್ಯಾಪೇ ಬೆಸ್ಟ್, ಕಿವಿ ಕತ್ತು ಎರಡೂ ಮುಚ್ಚತ್ತೆ. ಹ್ಯಾಮಕ್‌ನಲ್ಲಿ ಪಾದ ಸ್ವಲ್ಪ ಮೇಲಕ್ಕಿರೋದ್ರಿಂದ ಬೇಗ ತಣ್ಣಗಾಗತ್ತೆ, ಆದ್ರೆ ಎರಡು ಸಾಕ್ಸ್ ಬಿಗಿಯಾಗಿ ತುರುಕ್ಬೇಡಿ, ರಕ್ತ ಓಡಾಡ್ದೆ ಇನ್ನೂ ಚಳಿ ಆಗತ್ತೆ, ಸಡಿಲ ಉಣ್ಣೆ ಸಾಕ್ಸ್ ಒಂದೇ ಸಾಕು. ಅದನ್ನ ಮಲಗೋಕೆ ಬಿಟ್ಟು ಇನ್ಯಾವುದಕ್ಕೂ ಹಾಕಲ್ಲ ನಾನು.

ಜೀನ್ಸ್ ಅಂತೂ ಯಾವ ಚಳಿಗೂ ಬೇಡ, ಹಿಂದಿನ ಜೇಬಿನ ಲೋಹದ ಗುಂಡಿ ನೈಲಾನ್‌ನ ಗೀರತ್ತೆ, ನನ್ನ ಮೊದಲ ಹ್ಯಾಮಕ್‌ನಲ್ಲಿ ಆ ಗೀರು ಇನ್ನೂ ಇದೆ. ಫ್ಲೀಸ್ ಪಾಲಿಯೆಸ್ಟರ್ ಹಾಕ್ಕೊಂಡು ಬೆಂಕಿ ಪಕ್ಕ ಕೂರೋದೂ ಬೇಡ, ಒಂದು ಕಿಡಿ ಬಿದ್ರೆ ತೂತು.

ಮೆರಿನೋಗೆ ದುಡ್ಡಿಲ್ಲ, ಎರಡು ಸಾವಿರ ಮಾತ್ರ ಇದೆ ಅನ್ನೋರಿಗೆ: ಒಂದು ಫ್ಲೀಸ್, ಒಂದು ಜೊತೆ ಉಣ್ಣೆ ಸಾಕ್ಸ್, ಉಳಿದ ದುಡ್ಡಿಗೆ ಒಂದು ಕುರಿ ಕಂಬಳಿ. ನಾನು ಚಳ್ಳಕೆರೆ ಕಡೆಯಿಂದ ತಂದಿದ್ದು ಈಗ್ಲೂ ಪ್ರತಿ ಟ್ರಿಪ್‌ಗೆ ಬರತ್ತೆ, ಒರಟು ಉಣ್ಣೆ, ಮೈಗೆ ಚುಚ್ಚತ್ತೆ, ತೂಕಾನೂ ಇದೆ, ಅದಕ್ಕೇ ಹೊದ್ಕೊಳಲ್ಲ, ಬೆನ್ನ ಕೆಳಗೆ ಅಡ್ಡಡ್ಡ ಹಾಸ್ತೀನಿ.