ಪುರೋಹಿತರಿಲ್ಲದ ಮದುವೆ: ಮಂತ್ರ ಮಾಂಗಲ್ಯವೋ, ವಿಶೇಷ ವಿವಾಹ ಕಾಯ್ದೆಯೋ?

ಇಬ್ಬರ ಮನಸ್ಸು ಒಪ್ಪಿದರೆ ಅದೇ ಮದುವೆ, ನಡುವೆ ಪುರೋಹಿತರ ಅಪ್ಪಣೆ ಯಾಕೆ? ಪ್ರಕೃತಿ ನಿಯಮವನ್ನು ನೆಚ್ಚುವವರ ಈ ಪ್ರಶ್ನೆಗೆ ಕುವೆಂಪು ಕೊಟ್ಟ ಉತ್ತರ ಮಂತ್ರ ಮಾಂಗಲ್ಯ. ಜಾತಕವಿಲ್ಲ, ವರದಕ್ಷಿಣೆಯಿಲ್ಲ. ಹಿರಿಯರೊಬ್ಬರು ಮಂತ್ರ ಮಾಂಗಲ್ಯದ ಪಠ್ಯ ಓದುತ್ತಾರೆ, ವಧೂವರರು ಪ್ರತಿಜ್ಞೆ ಮಾಡಿ ಹಾರ ಬದಲಿಸುತ್ತಾರೆ. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ನಡೆದದ್ದು ಹೀಗೆಯೇ.

ತೊಡಕು ಬರುವುದು ಕಾಗದದಲ್ಲಿ. ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಸಾಂಪ್ರದಾಯಿಕ ವಿಧಿಗಳನ್ನು ಕೇಳುತ್ತದೆ. ವಿಧಿ ನಡೆಯದಿದ್ದರೆ ಬರೀ ನೋಂದಣಿಯಿಂದ ಮದುವೆ ಆಗದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಮಿಳುನಾಡು 1967ರಲ್ಲೇ 7ಎ ಕಲಂ ಸೇರಿಸಿ ಪುರೋಹಿತರಿಲ್ಲದ ಮದುವೆಗೆ ದಾರಿ ಮಾಡಿಕೊಂಡಿತು.

1954ರ ವಿಶೇಷ ವಿವಾಹ ಕಾಯ್ದೆಗೆ ಯಾವ ಧರ್ಮದ ಮುದ್ರೆಯೂ ಬೇಡ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಇಲ್ಲಿ ಎಡವಿದರೆ ಅರ್ಜಿ ವಾಪಸ್. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆ ಆಗಬೇಕು, ಮೂವರು ಸಾಕ್ಷಿಗಳು ಬೇಕು. ನಿಜವಾದ ಕಾಟ ಕಚೇರಿ ಗೋಡೆಗೆ ಅಂಟಿಸುವ ಆ ಒಂದು ನೋಟಿಸ್ ಹಾಳೆ: ಬಂಧುಗಳ ಕಿವಿಗೆ ಸುದ್ದಿ ಮುಟ್ಟುವುದು ಅಲ್ಲಿಂದಲೇ. ಆದರೆ ಜಾತಿ, ಧರ್ಮ ಬೇರೆ ಎಂಬ ತಕರಾರು ನಿಲ್ಲುವುದಿಲ್ಲ. ವಯಸ್ಸು, ಹಿಂದಿನ ಮದುವೆ, ನಿಷಿದ್ಧ ಸಂಬಂಧದಂಥವು ಮಾತ್ರ ಆಕ್ಷೇಪಣೆಗೆ ಆಧಾರ.

ಅನ್ಯಧರ್ಮೀಯರನ್ನು ಹೀಗೆ ಮದುವೆಯಾದ ಹಿಂದೂ ವ್ಯಕ್ತಿ ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆ. ಆಸ್ತಿಯಿದ್ದವರು ಮೊದಲೇ ವಕೀಲರನ್ನು ಕಾಣಿ.

ನಮ್ಮ ಸಲಹೆ: ಬೆಳಿಗ್ಗೆ ಉಪನೋಂದಣಿ ಕಚೇರಿಯಲ್ಲಿ ಸಹಿ, ಸಂಜೆ ಮಂತ್ರ ಮಾಂಗಲ್ಯ.