ಪೇಪರ್ ಕಟಿಂಗ್‌ಗೆ ಕೈಹೊಲಿಗೆ ಬೈಂಡಿಂಗ್: ಧಾರವಾಡದ ಒಂದು ಅಂಗಡಿಯ ಅನುಭವ

2023ರಲ್ಲಿ ದೇಶದಲ್ಲಿ ನಡೆದ ದೊಡ್ಡ ಸಂಗತಿಗಳ ಸುದ್ದಿಯನ್ನೆಲ್ಲ ನಾನು ಪೇಪರಿನಿಂದ ಕತ್ತರಿಸಿ ಇಟ್ಟಿದ್ದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದಾಗಿನಿಂದ ಬಂದ ರೂಢಿ ಇದು. ಲೆಡ್ಜರ್ ಹಾಳೆಗೆ ಅಂಟಿಸಿ, ಅಂಚಿನಲ್ಲಿ ಅವತ್ತಿನ ನನ್ನ ಮಾತು ಒಂದೆರಡು ಸಾಲು ಬರೆದಿಡುತ್ತೇನೆ. ವರ್ಷ ಮುಗಿಯುವಾಗ 96 ಹಾಳೆ ಆಗಿತ್ತು.

ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಕೊಡುತ್ತೇವೆ ಅಂದರು. ನನಗೆ ಮನಸ್ಸು ಬರಲಿಲ್ಲ. ಅಂಟಿಸಿದ ಹಾಳೆ ಭಾರ ಇರುತ್ತೆ, ನಾಲ್ಕು ಸಲ ತಿರುವಿದರೆ ತೂತಿನ ಹತ್ತಿರ ಹರಿಯುತ್ತೆ. ಸುಭಾಸ್ ರೋಡಿನ ಹಿಂದಿನ ಗಲ್ಲಿಯಲ್ಲಿ ಕೈಯಿಂದ ಹೊಲಿಯುವ ಬೈಂಡರ್ ಒಬ್ಬರಿದ್ದಾರೆ. ಅಂಗಡಿಗೆ ಬೋರ್ಡು ಕೂಡ ಇಲ್ಲ. ಕಟ್ಟು ಹಿಡಿದುಕೊಂಡು ಅಲ್ಲಿಗೇ ಹೋದೆ.

ಅವರು ರೇಟು ಹೇಳುವ ಮೊದಲು ಕಟ್ಟು ಬಿಚ್ಚಿ ಪ್ರತಿ ಹಾಳೆ ನೋಡಿದರು. "ಅಕ್ಕೋರ, ಇದ್ರಾಗ ಇಡೀ ಪೇಪರ್ ಪುಟ ಎಷ್ಟ ಅದಾವ್ರಿ?" ಅಂತ ಕೇಳಿದರು. ಒಂಬತ್ತು ಇದ್ದವು. ಅದರಲ್ಲೊಂದು ಆಗಸ್ಟ್ 24ರ ಮುಖಪುಟ, ಚಂದ್ರಯಾನ-3 ಇಳಿದ ಮರುದಿನದ್ದು. ನಾನು ಮಡಚಿ ಇಟ್ಟಿದ್ದೆ. "ಮಡಿಕಿ ಮ್ಯಾಲೆ ಹೊಲಿಗಿ ಹಾಕಿದ್ರ ವರ್ಷದಾಗ ಹರೀತದರಿ" ಅಂದವರು, ಪುಟದ ಅಂಚಿಗೆ ತೆಳು ಬಟ್ಟೆಯ ಪಟ್ಟಿ ಅಂಟಿಸಿ, ಆ ಪಟ್ಟಿಯನ್ನು ಹೊಲಿದರು. ಈಗ ಆ ಪುಟ ಪೂರ್ತಿ ಬಿಚ್ಚಿಕೊಳ್ಳುತ್ತೆ. ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದಿದ್ದು ಸಂಜೆ 6 ಗಂಟೆ 4 ನಿಮಿಷಕ್ಕೆ. ಓಣಿಯವರೆಲ್ಲ ನಮ್ಮ ಮನೆ ಟಿವಿ ಮುಂದೆ ಕೂತಿದ್ದರು. "ಚಪ್ಪಾಳೆ ಸದ್ದಿಗೆ ಪಕ್ಕದ ಮನೆ ಕೂಸು ಎದ್ದು ಅತ್ತಿತು" ಅಂತ ಅಂಚಿನಲ್ಲಿ ಬರೆದಿದ್ದೇನೆ.

ನನಗೆ ಗೊತ್ತಿಲ್ಲದ ಇನ್ನೊಂದು ಕೆಲಸ ಮಾಡಿದ್ದಾರೆ. ಕಟಿಂಗ್ ಅಂಟಿಸಿದ ಹಾಳೆ ದಪ್ಪ ಆಗುತ್ತೆ ಅಲ್ವಾ? ಸುಮ್ನೆ ಹೊಲಿದರೆ ಬೆನ್ನಿನ ಕಡೆ ತೆಳ್ಳಗೆ, ಬಾಯಿ ಕಡೆ ಉಬ್ಬಿಕೊಂಡು ಪುಸ್ತಕ ಮುಚ್ಚುವುದೇ ಇಲ್ಲ. ಅದಕ್ಕೆ ಹೊಲಿಗೆ ಹತ್ತಿರ ಅಲ್ಲಲ್ಲಿ ಒಂದು ಬೆರಳು ಅಗಲದ ಕಾಗದದ ಪಟ್ಟಿ ಸೇರಿಸಿ ದಪ್ಪ ಸಮ ಮಾಡಿದ್ದಾರೆ. ಅಂಟು ಮೈದಾದ್ದು. ಕುದಿಸುವಾಗ ಚೂರು ಮೈಲುತುತ್ತ ಹಾಕುತ್ತಾರೆ, ಹುಳ ಹತ್ತದಿರಲಿ ಅಂತ. ರಟ್ಟಿಗೆ ಕಪ್ಪು ಕ್ಯಾಲಿಕೋ ಬಟ್ಟೆ.

ಪುಸ್ತಕ ಕೈಗೆ ಬಂದ ದಿನ ರಾತ್ರಿ ಕೂತು ತಿರುವಿದೆ. ಬಿಡಿ ಹಾಳೆಯಲ್ಲಿ ಕಾಣದ್ದು ಆಗ ಕಂಡಿತು. ಮೇ 13ರ ನಮ್ಮ ವಿಧಾನಸಭೆ ಫಲಿತಾಂಶ ಆಗಿ ವಾರದೊಳಗೆ 2,000 ರೂಪಾಯಿ ನೋಟು ವಾಪಸ್. ಜೂನ್ 2ಕ್ಕೆ ಒಡಿಶಾದ ಬಾಲೇಶ್ವರದ ಬಹನಾಗಾ ಬಜಾರ್ ಸ್ಟೇಷನ್ನಿನಲ್ಲಿ ರೈಲು ಅಪಘಾತ, 290ಕ್ಕೂ ಜಾಸ್ತಿ ಜನ ಹೋದರು. ಅದರಲ್ಲಿ ಒಂದು ಗಾಡಿ ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದು. ಆ ಹಾಳೆ ತಿರುವಲು ಈಗಲೂ ಕೈ ತಡೆಯುತ್ತೆ. ಚಂದ್ರಯಾನದ ಖುಷಿಯ ಆಗಸ್ಟೇ 1901ರಿಂದೀಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್ ಕೂಡ. ಒಂದು ಹಾಳೆಯಲ್ಲಿ ಚಂದ್ರ, ಮೂರು ಹಾಳೆ ದಾಟಿದರೆ ಬಿರುಕು ಬಿಟ್ಟ ಹೊಲ. ಸೆಪ್ಟೆಂಬರಿನಲ್ಲಿ ದೆಹಲಿಯ ಜಿ20, ಆಮೇಲೆ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಯುನೆಸ್ಕೋ ಪಟ್ಟಿಯಲ್ಲಿ ಜಾಗ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 107 ಪದಕಕ್ಕೆ ಎರಡು ಹಾಳೆ ಕೊಟ್ಟಿದ್ದೆ, ಇನ್ನೂ ಕೊಡಬಹುದಿತ್ತು.

ಈಗ ತಪ್ಪಿನ ಮಾತು. ನಾಲ್ಕು ದಿನ ಅಂದವರು ಹನ್ನೊಂದು ದಿನ ತೆಗೆದುಕೊಂಡರು. ಅದನ್ನು ಬಿಡಬಹುದು. ಆದರೆ ಅಂಚು ಸಮ ಮಾಡುವಾಗ ಕಟಿಂಗ್ ಮಷಿನ್ ನನ್ನ ಕೈಬರಹದ ಮೇಲೆ ಹೋಗಿತ್ತು. ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗದಲ್ಲಿ ನವೆಂಬರ್ 12ಕ್ಕೆ ಸಿಕ್ಕಿಹಾಕಿಕೊಂಡ 41 ಕಾರ್ಮಿಕರು 28ರ ರಾತ್ರಿ ಹೊರಬಂದರಲ್ಲ, ಆ ಹಾಳೆ. ದೊಡ್ಡ ಮಷಿನ್ ಮುರಿದ ಮೇಲೆ ಕೊನೆಯ ಕೆಲವು ಮೀಟರ್ ಕೈಯಿಂದಲೇ ಅಗೆದು ಪೈಪು ದಾಟಿಸಿದ್ದರು. ಅದರ ಪಕ್ಕ "ಎಲ್ಲರೂ ಬಂದರು, 41 ಮಂದಿಯೂ" ಅಂತ ಬರೆದಿದ್ದೆ. "ಎಲ್ಲರೂ ಬಂದ" ಅನ್ನುವಲ್ಲಿಗೆ ಹಾಳೆ ಮುಗಿದಿತ್ತು. ನನಗೆ ತುಂಬಾ ಬೇಜಾರಾಯಿತು.

ಮರುದಿನ ತೋರಿಸಿದೆ. ಅವರು ಜಗಳಕ್ಕೆ ಬರಲಿಲ್ಲ. ಚೂರು ಕಾಗದದ ಚೀಲ ನೆಲಕ್ಕೆ ಸುರಿದು ಅರ್ಧ ಗಂಟೆ ಹುಡುಕಿದರು. ನೂಲಿನಷ್ಟು ಅಗಲದ ಪಟ್ಟಿ ಸಿಕ್ಕಿತು, ನನ್ನ ನೀಲಿ ಶಾಯಿ. ಹಿಂದೆ ಟಿಶ್ಯೂ ಕಾಗದ ಕೊಟ್ಟು ಜೋಡಿಸಿದರು. ಸೀಳು ಕಾಣುತ್ತೆ, ಓದಲು ಬರುತ್ತೆ.

ಒಟ್ಟು 900 ರೂಪಾಯಿ, ಬೆನ್ನಿನ ಮೇಲಿನ ಬಂಗಾರದ ಅಕ್ಷರವೂ ಸೇರಿ. ನನ್ನ ಪ್ರಕಾರ ಜಾಸ್ತಿ ಅಲ್ಲ. ಕೊಡುವವರು ತಾರೀಖಿನ ಪ್ರಕಾರ ಜೋಡಿಸಿ ಕೊಡಿ. ಹೊರಗಿನ ಅಂಚಿನಲ್ಲಿ ಬರಹ ಇದ್ದರೆ ಪೆನ್ಸಿಲಿನಿಂದ ಗೆರೆ ಎಳೆದು "ಇಲ್ಲಿಂದ ಕತ್ತರಿಸಬೇಡಿ" ಅಂತ ಮೊದಲೇ ಹೇಳಿ. 2024ರ ಕಟ್ಟನ್ನೂ ಅವರಿಗೇ ಕೊಟ್ಟು ಬಂದಿದ್ದೇನೆ. ಈ ಸಲ ಒಂದೂವರೆ ಇಂಚು ಜಾಗ ಬಿಟ್ಟೇ ಬರೆದಿದ್ದೇನೆ.